ಕಟ್ಟಡ ವಾಲುತ್ತೆ, ಬೀದಿ ಗಿಜಿಗಿಜಿ: ಹಾಂಗ್‌ಕಾಂಗ್‌ನಲ್ಲಿ ಫೋಟೋ ತೆಗೆಯೋದು ಹೇಗೆ?

ಪ್ರಶ್ನೆ: ಜೂನ್ ಮೊದಲ ವಾರ ಆಫೀಸ್ ಕೆಲಸದ ಮೇಲೆ ಹಾಂಗ್‌ಕಾಂಗ್‌ಗೆ ಹೋಗುತ್ತಿದ್ದೇನೆ. ಕೆಲಸ ಮುಗಿದ ಮೇಲೆ ನಾಲ್ಕು ದಿನ ರಜೆ ಹಾಕಿ ಫೋಟೋ ತೆಗೆಯುವ ಆಸೆ. ನನ್ನ ಹತ್ತಿರ ಇರುವುದು ಹಳೇ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್ ಇರುವ) ಕ್ಯಾಮೆರಾ, ಅದರ ಜೊತೆ ಬಂದ 18-55 ಎಂಎಂ ಜೂಮ್ ಲೆನ್ಸ್. ಹೋದ ವರ್ಷ ಬ್ಯಾಂಕಾಕ್‌ನಲ್ಲಿ ತೆಗೆದ ಫೋಟೋಗಳಲ್ಲಿ ಕಟ್ಟಡಗಳೆಲ್ಲ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತವೆ. ಬೀದಿ ಫೋಟೋಗಳಂತೂ ಬರೀ ಗಿಜಿಗಿಜಿ, ಏನು ನೋಡಬೇಕು ಅಂತಲೇ ಗೊತ್ತಾಗಲ್ಲ. ರಾತ್ರಿಯ ಫೋಟೋದಲ್ಲಿ ಬೋರ್ಡ್‌ಗಳು ಬೆಳ್ಳಗೆ ಸುಟ್ಟುಹೋಗಿವೆ, ಕೆಲವದರಲ್ಲಿ ಪಟ್ಟೆ ಪಟ್ಟೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾ, ಜೊತೆಗೊಂದು ವೈಡ್ ಲೆನ್ಸ್ ತಗೋ ಅಂತ ಗೆಳೆಯರು ಹೇಳುತ್ತಾರೆ. ಇನ್ನೊಬ್ಬರು, ಅಲ್ಲಿ ಕೇಳದೆ ಜನರ ಫೋಟೋ ತೆಗೆದರೆ ಪೊಲೀಸ್ ಕೇಸ್ ಆಗುತ್ತೆ, ಕಟ್ಟಡಗಳಿಗೂ ಕಾಪಿರೈಟ್ ಇದೆ ಅಂತ ಹೆದರಿಸಿದ್ದಾರೆ. ಎಲ್ಲರೂ ತೆಗೆಯುವ ಆ ‘ಮಾನ್‌ಸ್ಟರ್ ಬಿಲ್ಡಿಂಗ್’ ಫೋಟೋ ನನಗೂ ಬೇಕು. ಏನು ಮಾಡಲಿ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರಿದ್ದರೂ ಚಿಂತೆ ಎರಡೇ ಅನ್ನಿಸುತ್ತದೆ. ಇರುವ ಕ್ಯಾಮೆರಾದಲ್ಲಿ ಕೆಲಸ ಆಗುತ್ತಾ? ಪರದೇಶದಲ್ಲಿ ಕ್ಯಾಮೆರಾ ಹಿಡಿದು ಫಜೀತಿಗೆ ಸಿಕ್ಕಿಕೊಳ್ಳಲ್ಲ ತಾನೇ? ನಾನು ಆರ್ಕಿಟೆಕ್ಟ್‌ಗಳಿಗೆ ಕಟ್ಟಡದ ಫೋಟೋ ತೆಗೆದುಕೊಟ್ಟು ಬದುಕುವವನು. ಹಾಂಗ್‌ಕಾಂಗ್‌ನಲ್ಲೂ ಓಡಾಡಿ ಕೆಲಸ ಮಾಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಕ್ಯಾಮೆರಾ ಸಾಕು. ಬ್ಯಾಂಕಾಕ್‌ನಲ್ಲಿ ಕೆಟ್ಟದ್ದು ನೀವು ನಿಂತ ಜಾಗ. ಕೆಲವು ಕಡೆ ನೀವು ನಿಲ್ಲಲೇ ಇಲ್ಲ, ನಡೆಯುತ್ತಾ ಕ್ಲಿಕ್ಕಿಸಿದ್ದೀರಿ ಅಂತ ನನ್ನ ಊಹೆ.

ಮೊದಲು ವಾಲುವ ಕಟ್ಟಡ. ಇದಕ್ಕೆ ಲೆನ್ಸ್ ಕಾರಣ ಅಂತ ಎಲ್ಲರೂ ನಂಬಿದ್ದಾರೆ. ಅಲ್ಲ. ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ಹಿಡಿದದ್ದು ಕಾರಣ. ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಗೋಡೆಗೆ ಸಮಾಂತರವಾಗಿ ನೆಟ್ಟಗೆ ನಿಂತಿದ್ದರೆ ಗೋಡೆಯ ಗೆರೆಗಳೂ ನೆಟ್ಟಗೇ ಬರುತ್ತವೆ, ಲೆನ್ಸ್ ಯಾವುದೇ ಇರಲಿ. ಕ್ಯಾಮೆರಾ ಎತ್ತಿದ ಕೂಡಲೇ ಲೆಕ್ಕ ತಪ್ಪುತ್ತದೆ. ಕಟ್ಟಡದ ಬುಡ ಹತ್ತಿರ, ತುದಿ ದೂರ. ದೂರದ್ದು ಚಿಕ್ಕದಾಗಿ ಕಾಣುತ್ತದೆ, ಹಾಗಾಗಿ ಎರಡೂ ಬದಿಯ ಗೆರೆಗಳು ಮೇಲೆ ಹೋಗುತ್ತಾ ಒಂದರ ಹತ್ತಿರ ಒಂದು ಬರುತ್ತವೆ. ನಮ್ಮ ಕಣ್ಣಿಗೂ ಹಾಗೇ ಕಾಣುವುದು, ಮಿದುಳು ಸುಮ್ನೆ ಸರಿಮಾಡಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಆ ದಾಕ್ಷಿಣ್ಯ ಇಲ್ಲ.

ಹಾಗಾದರೆ ಕ್ಯಾಮೆರಾ ನೆಟ್ಟಗೆ ಹಿಡಿದರಾಯಿತು, ಅಲ್ವಾ? ಅಲ್ಲೇ ಹಾಂಗ್‌ಕಾಂಗ್ ಕೈಕೊಡುವುದು. ಲೆಕ್ಕ ಹಾಕಿ ನೋಡೋಣ. ಅಲ್ಲಿನ ಹಳೇ ಬೀದಿಯಲ್ಲಿ ಎದುರಿನ ಕಟ್ಟಡದಿಂದ 15 ಮೀಟರ್ ದೂರ ಸಿಕ್ಕರೆ ಪುಣ್ಯ. ನಿಮ್ಮ ಕ್ಯಾಮೆರಾವನ್ನು ನಿಲುವಾಗಿ ತಿರುಗಿಸಿ, ನಿಮ್ಮ ಲೆನ್ಸಿನಲ್ಲಿ ಅತಿ ಅಗಲ ಕಾಣುವ 18 ಎಂಎಂನಲ್ಲಿ, ರಸಮಟ್ಟ ಇಟ್ಟ ಹಾಗೆ ನೆಟ್ಟಗೆ ಹಿಡಿದರೆ ಫ್ರೇಮಿಗೆ ಬರುವುದು ನೆಲದಿಂದ ಸುಮಾರು 11 ಮೀಟರ್ ಎತ್ತರ. ಮೂರರಿಂದ ನಾಲ್ಕು ಮಹಡಿ. ಗೆಳೆಯರ ಮಾತು ಕೇಳಿ 10 ಎಂಎಂನ ವೈಡ್ ಲೆನ್ಸ್ ತಗೊಂಡಿರಿ ಅಂದುಕೊಳ್ಳಿ. ಆಗ 19 ಮೀಟರ್, ಆರು ಮಹಡಿ. ಎದುರಿಗೆ ನಿಂತಿರುವುದು ಇಪ್ಪತ್ತು ಮಹಡಿಯದ್ದು. ಕೆಳಗಿನ ಅರ್ಧ ಫ್ರೇಮಿನಲ್ಲಿ ಬರೀ ರಸ್ತೆ. ಅಂದರೆ ಇದು ದುಡ್ಡು ಕೊಟ್ಟು ಬಗೆಹರಿಸುವ ಸಮಸ್ಯೆ ಅಲ್ಲ. ಆ ಊರು ಕಟ್ಟಿರುವ ರೀತಿಯೇ ಹಾಗಿದೆ.

ಯಾಕೆ ಹಾಗೆ ಕಟ್ಟಿದರು ಅಂತ ಗೊತ್ತಿದ್ದರೆ ಫೋಟೋಗೂ ಅನುಕೂಲ. ಹಾಂಗ್‌ಕಾಂಗ್‌ನ ಒಟ್ಟು ನೆಲ ಸುಮಾರು 1,100 ಚದರ ಕಿಲೋಮೀಟರ್. ಅದರಲ್ಲಿ ಊರು ಬೆಳೆದಿರುವುದು ಕಾಲುಭಾಗದಷ್ಟು ಜಾಗದಲ್ಲಿ ಮಾತ್ರ, ಉಳಿದದ್ದು ಬೆಟ್ಟ, ಕಾಡು. ಅಷ್ಟರಲ್ಲೇ 75 ಲಕ್ಷದಷ್ಟು ಜನ. 1953ರ ಕ್ರಿಸ್‌ಮಸ್ ರಾತ್ರಿ ಶೆಕ್ ಕಿಪ್ ಮೇ ಎಂಬಲ್ಲಿನ ಗುಡಿಸಲುಗಳಿಗೆ ಬೆಂಕಿ ಬಿದ್ದು 50 ಸಾವಿರಕ್ಕೂ ಹೆಚ್ಚು ಮಂದಿ ಬೀದಿಗೆ ಬಿದ್ದರು. ಸರ್ಕಾರ ಬಹುಮಹಡಿ ಮನೆಗಳನ್ನು ಕಟ್ಟಿಕೊಡಲು ಇಳಿದದ್ದು ಅದರ ನಂತರ. ಆ ಕಾಲದ್ದೇ ಒಂದು ಕಟ್ಟಡ, 1954ರ ಮೇ ಹೋ ಹೌಸ್, ಶಾಮ್ ಶುಯಿ ಪೊ ಬಡಾವಣೆಯಲ್ಲಿ ಈಗ ಪ್ರವಾಸಿಗಳ ಹಾಸ್ಟೆಲ್ ಆಗಿ ಉಳಿದಿದೆ. ಆಮೇಲಿನದೆಲ್ಲ ಇನ್ನೂ ಎತ್ತರ, ಇನ್ನೂ ಒತ್ತು. ಅಲ್ಲಿ ಒಂದು ಕಟ್ಟಡವನ್ನು ಬೇರೆಯಾಗಿ ನಿಲ್ಲಿಸಿ ತೋರಿಸುವ ಹಟ ಬಿಟ್ಟರೆ ಅರ್ಧ ತಲೆನೋವು ಕಡಿಮೆ.

ಈಗ ದಾರಿಗಳು. ನನಗೆ ಇಷ್ಟವಾದದ್ದು ಮೇಲೆ ಹತ್ತುವುದು. ಕಟ್ಟಡದ ಅರ್ಧ ಎತ್ತರಕ್ಕೆ, ಕೊನೆಗೆ ಒಂದೆರಡು ಮಹಡಿಯಷ್ಟಾದರೂ ಹೋದರೆ ಕ್ಯಾಮೆರಾ ನೆಟ್ಟಗೆ ಹಿಡಿದೇ ಜಾಸ್ತಿ ಗೋಡೆ ಸಿಗುತ್ತದೆ, ರಸ್ತೆ ಕಡಿಮೆಯಾಗುತ್ತದೆ. ಅದಕ್ಕೆ ಹಾಂಗ್‌ಕಾಂಗ್‌ನಂಥ ಊರು ಇನ್ನೊಂದಿಲ್ಲ. ಹಾಂಗ್‌ಕಾಂಗ್ ದ್ವೀಪದ ಟ್ರ್ಯಾಮ್‌ಗಳು 1904ರಿಂದ ಓಡುತ್ತಿವೆ, ಎಲ್ಲವೂ ಎರಡು ಅಂತಸ್ತಿನವು. ಮೇಲಿನ ಅಂತಸ್ತಿನ ಮುಂದಿನ ಸೀಟು ಹಿಡಿಯಿರಿ. ಎರಡೂ ಬದಿಯ ಹಳೇ ಅಂಗಡಿಮನೆಗಳ ಮೊದಲ ಮಹಡಿ ನಿಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಒಣಹಾಕಿದ ಬಟ್ಟೆ, ಎಸಿ ಪೆಟ್ಟಿಗೆ, ಬಿದಿರಿನ ಸಾರುವೆ, ಕಿಟಕಿಯ ಗ್ರಿಲ್ಲಿನ ಹಿಂದೆ ಒಂದು ಕುಂಡ. ಟ್ರ್ಯಾಮ್ ನಿಧಾನ, ನಿಲ್ದಾಣಗಳು ಹತ್ತಿರ ಹತ್ತಿರ. ನಿಂತಾಗ ತೆಗೆಯಿರಿ. ಓಡುವಾಗ ತೆಗೆಯಬೇಕಿದ್ದರೆ ಶಟರ್ ವೇಗವನ್ನು ಸೆಕೆಂಡಿನ 1/500ಕ್ಕಿಂತ ಕೆಳಗೆ ಇಳಿಸಬೇಡಿ.

ದ್ವೀಪದ ವ್ಯಾಪಾರ ಕೇಂದ್ರವಾದ ಸೆಂಟ್ರಲ್‌ನಿಂದ ಬೆಟ್ಟದ ಮೇಲಿನ ಬಡಾವಣೆಗೆ ಹೋಗುವ ಎಸ್ಕಲೇಟರ್ ಸಾಲು ಇನ್ನೊಂದು. 1993ರಲ್ಲಿ ಶುರುವಾದದ್ದು, 800 ಮೀಟರ್‌ನಷ್ಟು ಉದ್ದ. ಬೆಳಿಗ್ಗೆ 10 ಗಂಟೆವರೆಗೆ ಕೆಳಮುಖವಾಗಿ, ಆಮೇಲೆ ಮೇಲ್ಮುಖವಾಗಿ ಓಡುತ್ತದೆ. ನೀವು 10ರ ನಂತರ ಹೋಗಿ. ಅಡ್ಡ ಬೀದಿಗಳ ಮೇಲೆ ಹಾದುಹೋಗುವಾಗ ಕೆಳಗೆ ಇಡೀ ಬೀದಿ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಬಂದರಿನ ಆಚೆ ದಡದ ಕೌಲೂನ್ ಕಡೆಗೆ ಹೋದರೆ ಮಾಂಗ್ ಕಾಕ್ ರಸ್ತೆಯ ಮೇಲಿನ ಕಾಲುಸೇತುವೆ ಇದೆ. ಅಲ್ಲಿ ನಿಂತು ಕೆಳಗಿನ ಫಾ ಯೂಯೆನ್ ಬೀದಿಯ ಸಂತೆ ನೋಡಬಹುದು.

ಎರಡನೇ ದಾರಿ, ಇಡೀ ಕಟ್ಟಡದ ಆಸೆ ಬಿಟ್ಟು ತುಂಡು ತೆಗೆಯುವುದು. ಬೀದಿಯ ಈ ತುದಿಯಿಂದ ಆ ತುದಿಯ ಕಟ್ಟಡಕ್ಕೆ, ದೂರದ್ದನ್ನು ಹತ್ತಿರ ತರುವ 55 ಎಂಎಂ ಹಾಕಿ. ಮೂರು ಮಹಡಿಯ ಕಿಟಕಿಗಳು ಇಪ್ಪತ್ತು ಮಹಡಿಯ ಕಥೆ ಹೇಳುತ್ತವೆ. ಹಳೇ ಅಂಗಡಿಮನೆ ನೋಡಬೇಕಿದ್ದರೆ ಮಾಂಗ್ ಕಾಕ್ ಹತ್ತಿರದ ಲುಯಿ ಸೆಂಗ್ ಚುನ್‌ಗೆ ಹೋಗಿ. 1931ರದ್ದು, ನಾಲ್ಕೇ ಮಹಡಿ. ರಸ್ತೆಯ ಮೂಲೆಗೆ ಹೊಂದಿಕೊಂಡು ಬಾಗಿದ ವರಾಂಡಗಳು. ನಿಮ್ಮ ಲೆನ್ಸಿಗೆ ಪೂರ್ತಿ ಸಿಗುವ ಕಟ್ಟಡ ಅದು. ರಸ್ತೆಯ ಎದುರು ಬದಿಯಲ್ಲಿ ನಿಂತು ವಾಹನಗಳ ನಡುವೆ ಒಂದು ಖಾಲಿ ಜಾಗಕ್ಕೆ ಕಾಯಬೇಕು, ಅಷ್ಟೇ.

ಮೂರನೆಯದು, ಆಮೇಲೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಗೆರೆ ನೆಟ್ಟಗೆ ಮಾಡುವುದು. ಸ್ನ್ಯಾಪ್‌ಸೀಡ್ ಅನ್ನುವ ಆ್ಯಪ್‌ನಲ್ಲಿ ಬಿಟ್ಟಿಯಾಗಿ ಆಗುತ್ತದೆ. ಅಪಾಯ ಏನೆಂದರೆ ಅಂಚುಗಳು ಕತ್ತರಿಸಿಹೋಗುತ್ತವೆ, ಮೇಲಿನ ಮಹಡಿಗಳು ಎಳೆದ ಹಾಗೆ ಉದ್ದವಾಗುತ್ತವೆ. ಆದ್ದರಿಂದ ತೆಗೆಯುವಾಗಲೇ ಸುತ್ತ ಧಾರಾಳವಾಗಿ ಜಾಗ ಬಿಡಿ. ಪೂರ್ತಿ ನೆಟ್ಟಗೆ ಮಾಡಲೂ ಹೋಗಬೇಡಿ. ಎತ್ತರದ ಕಟ್ಟಡವನ್ನು ತೂಗುಗುಂಡು ಹಿಡಿದ ಹಾಗೆ ನೇರ ಮಾಡಿದರೆ ತಲೆ ದಪ್ಪವಾಗಿ ಮುಂದಕ್ಕೆ ಬೀಳುವಂತೆ ಕಾಣುತ್ತದೆ. ನಮ್ಮ ಕಸುಬಿನಲ್ಲಿ ಬಳಸುವ ಶಿಫ್ಟ್ ಲೆನ್ಸ್ ಅಂತ ಒಂದಿದೆ, ಅದು ಲೆನ್ಸನ್ನೇ ಮೇಲಕ್ಕೆ ಸರಿಸಿ ಈ ಕೆಲಸ ಸರಿಯಾಗಿ ಮಾಡುತ್ತದೆ. ಭಾರ, ದುಬಾರಿ, ಆಟೋಫೋಕಸ್ ಇರಲ್ಲ. ನಾಲ್ಕು ದಿನದ ತಿರುಗಾಟಕ್ಕೆ ಬಾಡಿಗೆಗೂ ಬೇಡ.

ಇಷ್ಟು ಹೇಳಿದ ಮೇಲೆ ನಿಮ್ಮ ಮಾನ್‌ಸ್ಟರ್ ಬಿಲ್ಡಿಂಗ್. ಕ್ವಾರಿ ಬೇ ಹತ್ತಿರ ಕಿಂಗ್ಸ್ ರಸ್ತೆಯಲ್ಲಿ 1960ರ ದಶಕದ ಐದು ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ನೀವು ನೋಡಿದ ಫೋಟೋ ಒಳ ಅಂಗಳದಲ್ಲಿ ನಿಂತು ತಲೆ ಎತ್ತಿ ತೆಗೆದದ್ದು. ಅಲ್ಲಿ ಗೆರೆ ವಾಲಬಾರದು ಅನ್ನುವ ನಿಯಮವೇ ಅನ್ವಯಿಸುವುದಿಲ್ಲ. ಪೂರ್ತಿ ಆಕಾಶಕ್ಕೆ ಹಿಡಿದರೆ ವಾಲುವುದೇ ಚಂದ. ಅರೆಬರೆ ಎತ್ತಿದಾಗ ಮಾತ್ರ ಅದು ತಪ್ಪಿನ ಹಾಗೆ ಕಾಣುವುದು. ಆದರೆ ಆ ಅಂಗಳ ಅಲ್ಲಿನ ನಿವಾಸಿಗಳದ್ದು, ಖಾಸಗಿ ಜಾಗ. ಫೋಟೋ ಬೇಡ ಅಂತ ಬೋರ್ಡ್ ಹಾಕಿದ್ದಾರೆ. ಹಾಗಿದ್ದೂ ಜನ ಹೋಗುತ್ತಾರೆ, ಕೆಲವರು ಟ್ರೈಪಾಡ್ ಹೂಡಿ ಗೆಳತಿಯನ್ನು ಕುಣಿಸುತ್ತಾರೆ. ನಿಮ್ಮ ಮನೆಯ ಮೆಟ್ಟಿಲ ಬುಡದಲ್ಲಿ ದಿನಾ ಹೀಗಾದರೆ ನೀವೂ ಬೋರ್ಡ್ ಹಾಕುತ್ತಿದ್ದಿರಿ. ನನ್ನ ಮಾತು ಕೇಳುವುದಾದರೆ ಒಳಗೆ ಹೋಗಬೇಡಿ. ಎದುರಿನ ರಸ್ತೆಯಲ್ಲೇ ಟ್ರ್ಯಾಮ್ ಹೋಗುತ್ತದೆ. ಮೇಲಿನ ಅಂತಸ್ತಿನಿಂದ ಆ ಕಟ್ಟಡಗಳ ಮುಂಭಾಗ, ಕೆಳಗಿನ ಅಂಗಡಿಗಳು, ಬಸ್ಸಿಗೆ ಕಾಯುವ ಜನ ಎಲ್ಲ ಒಂದೇ ಫ್ರೇಮಿನಲ್ಲಿ ಸಿಗುತ್ತಾರೆ. ಕೋಟಿ ಜನ ತೆಗೆದ ಫೋಟೋಗೆ ಇನ್ನೊಂದು ಸೇರಿಸುವುದಕ್ಕಿಂತ ಅದು ಮೇಲು. ಬಣ್ಣಬಣ್ಣದ ಚೋಯ್ ಹುಂಗ್ ವಸತಿಗೂ ಇದೇ ಮಾತು. ಅದನ್ನು ಕೆಡವಿ ಮತ್ತೆ ಕಟ್ಟುವ ಯೋಜನೆ ಇದೆ ಅಂತ ಈಗ ಇನ್ನೂ ಜಾಸ್ತಿ ಜನ ಮುಗಿಬೀಳುತ್ತಿದ್ದಾರೆ.

ಗಿಜಿಗಿಜಿ ವಿಷಯಕ್ಕೆ ಬರೋಣ. ಬೀದಿಯಲ್ಲಿ ನಡೆಯುವಾಗ ನಿಮ್ಮ ಗಮನ ಒಂದೊಂದಾಗಿ ಹಾರುತ್ತದೆ. ಹಣ್ಣಿನ ಅಂಗಡಿ, ಬೋರ್ಡ್, ಕೆಂಪು ಟ್ಯಾಕ್ಸಿ. ಕ್ಯಾಮೆರಾ ಎಲ್ಲವನ್ನೂ ಒಟ್ಟಿಗೆ, ಒಂದೇ ಸಮ ತೆಗೆದುಕೊಳ್ಳುತ್ತದೆ. 18 ಎಂಎಂ ಆದರೆ ಇನ್ನೂ ಕಷ್ಟ, ಏನೆಲ್ಲ ಇದೆಯೋ ಎಲ್ಲ ಒಳಗೆ. ಇದಕ್ಕೆ ನಾನು ಕಂಡ ಮದ್ದು ಒಂದೇ: ಮೊದಲು ಬೆಳಕು ಮತ್ತು ಹಿನ್ನೆಲೆ ಹುಡುಕಿ, ಅಲ್ಲೇ ನಿಲ್ಲಿ, ಮನುಷ್ಯರು ಅದರೊಳಗೆ ಬರಲಿ. ಅವರ ಹಿಂದೆ ಓಡಬೇಡಿ. ಹಾಂಗ್‌ಕಾಂಗ್‌ನಲ್ಲೇ ನೆಲೆಸಿದ್ದ ಫೋಟೋಗ್ರಾಫರ್ ಫ್ಯಾನ್ ಹೋ 1950–60ರ ದಶಕದಲ್ಲಿ ಅಲ್ಲಿನ ಬೀದಿಗಳನ್ನು ತೆಗೆದದ್ದು ಹೀಗೇ ಬೆಳಕಿಗೆ ಕಾದು. ಅವರ ಚಿತ್ರಗಳಲ್ಲಿ ಓರೆಬಿಸಿಲು, ಉದ್ದ ನೆರಳು, ನಡುವೆ ಒಬ್ಬನೇ ಒಬ್ಬ ಮನುಷ್ಯ. ಊರು ಆಗಲೂ ಜನರಿಂದ ತುಂಬಿತ್ತು. ಬೇಡದ್ದನ್ನೆಲ್ಲ ನೆರಳಿಗೆ ತಳ್ಳಿದ್ದು ಬೆಳಕು.

ನೀವು ಹೋಗುವ ಹೊತ್ತಿನಲ್ಲಿ ಬೆಳಕು ಬೇರೆ ಥರ ಇರುತ್ತದೆ. ಜೂನ್ ಮೊದಲ ವಾರ ಹಾಂಗ್‌ಕಾಂಗ್‌ನಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ. ಹನ್ನೆರಡೂವರೆ ಹೊತ್ತಿಗೆ ಫೋಟೋಗ್ರಾಫರ್‌ಗಳೆಲ್ಲ ಊಟಕ್ಕೆ ಹೋಗುತ್ತಾರೆ. ನೀವು ಆಗ ಕಿರಿದಾದ ಬೀದಿಗೆ ಹೋಗಿ. ವರ್ಷದ ಬಹುಪಾಲು ದಿನ ಬಿಸಿಲು ನೆಲ ಮುಟ್ಟದ ಗಲ್ಲಿಗಳಲ್ಲಿ ಆ ಅರ್ಧ ಗಂಟೆ ಬಿಸಿಲಿನ ಪಟ್ಟಿ ಬೀಳುತ್ತದೆ. ಎರಡೂ ಬದಿಯ ಅಂಗಡಿ ಮಾಡುಗಳು ನೆರಳಲ್ಲಿ, ನಡುವಿನ ಹಾದಿ ಮಾತ್ರ ಉರಿಬಿಸಿಲಲ್ಲಿ. ಬಿಸಿಲಿಗೆ ಎಕ್ಸ್‌ಪೋಶರ್ (ಒಳಗೆ ಬಿಡುವ ಬೆಳಕಿನ ಪ್ರಮಾಣ) ಹೊಂದಿಸಿ, ಶಟರ್ 1/500 ಇಟ್ಟು ಆ ಪಟ್ಟಿ ದಾಟುವವರಿಗಾಗಿ ಕಾಯಿರಿ. ಮುಖದ ಮೇಲೆ ನೆರಳು ಬೀಳುತ್ತದೆ ನಿಜ. ಛತ್ರಿ ಹಿಡಿದವರು, ತಲೆಮೇಲೆ ಟೋಪಿ ಇಟ್ಟವರು, ಕೈಗಾಡಿ ತಳ್ಳುವವರು ಬಂದರೆ ಆ ನೆರಳೇ ಕೆಲಸಕ್ಕೆ ಬರುತ್ತದೆ.

ಕಟ್ಟಡ ಮತ್ತು ಬೀದಿ ಬದುಕು ಬೇರೆ ಬೇರೆ ಅಲ್ಲ ಅಂತ ಕಣ್ಣಾರೆ ನೋಡಬೇಕಿದ್ದರೆ ಭಾನುವಾರ ಸೆಂಟ್ರಲ್‌ಗೆ ಹೋಗಿ. ಅಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನ ಕೇಂದ್ರ ಕಚೇರಿ ಇದೆ. ನಾರ್ಮನ್ ಫಾಸ್ಟರ್ ಅವರ ವಿನ್ಯಾಸ, 1985ರಲ್ಲಿ ಮುಗಿದದ್ದು. ಇಡೀ ಕಟ್ಟಡದ ಭಾರ ಎಂಟು ಉಕ್ಕಿನ ಕಂಬಗುಚ್ಛಗಳ ಮೇಲೆ ನೇತಾಡುತ್ತದೆ, ಹಾಗಾಗಿ ನೆಲಮಹಡಿ ಪೂರ್ತಿ ಬಯಲು. ಯಾರು ಬೇಕಾದರೂ ಈ ಕಡೆಯಿಂದ ಆ ಕಡೆಗೆ ನಡೆದು ಹೋಗಬಹುದು. ಮೇಲೆ ಗಾಜಿನ ಹೊಟ್ಟೆ, ಅದರೊಳಕ್ಕೆ ಓರೆಯಾಗಿ ಏರುವ ಎರಡು ಎಸ್ಕಲೇಟರ್. ಭಾನುವಾರ ಈ ಬಯಲಲ್ಲಿ, ಸುತ್ತಲಿನ ಬೀದಿಗಳಲ್ಲಿ ನೂರಾರು ಹೆಂಗಸರು ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿಕೊಂಡು ಕೂತಿರುತ್ತಾರೆ. ಹೆಚ್ಚಿನವರು ಫಿಲಿಪ್ಪೀನ್ಸ್ ಮತ್ತು ಇಂಡೋನೇಷ್ಯಾದವರು, ಮನೆಗೆಲಸಕ್ಕೆ ಬಂದವರು. ಅಂಥವರು ಹಾಂಗ್‌ಕಾಂಗ್‌ನಲ್ಲಿ 3 ಲಕ್ಷಕ್ಕೂ ಹೆಚ್ಚಿದ್ದಾರೆ. ಮಾಲೀಕರ ಮನೆಯಲ್ಲೇ ಇರಬೇಕು ಅನ್ನುವುದು ಅಲ್ಲಿನ ನಿಯಮ, ವಾರಕ್ಕೊಂದು ರಜೆಯೂ ನಿಯಮ. ಆ ರಜೆ ದಿನ ಹೋಗಲು ಸ್ವಂತ ಕೋಣೆ ಇಲ್ಲ. ಅದಕ್ಕೇ ಇಲ್ಲಿ ಊಟ, ಹರಟೆ, ಒಬ್ಬರ ಕೂದಲು ಇನ್ನೊಬ್ಬರು ಹೆಣೆಯುವುದು, ಊರಿಗೆ ವಿಡಿಯೋ ಕಾಲ್. ಚಪ್ಪಲಿ ರಟ್ಟಿನ ಹೊರಗೆ ಸಾಲಾಗಿ ಬಿಟ್ಟಿರುತ್ತಾರೆ.

ಇಲ್ಲಿ ಫೋಟೋ ತೆಗೆಯುವುದಾದರೆ ದೂರದಿಂದ ಜೂಮ್ ಹಾಕಿ ಕದಿಯಬೇಡಿ. ರಟ್ಟಿನ ಅಂಚು ಅವರ ಮನೆ ಬಾಗಿಲು ಅಂದುಕೊಳ್ಳಿ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎರಡು ಮಾತಾಡಿ, ಹೆಚ್ಚಿನವರಿಗೆ ಇಂಗ್ಲಿಷ್ ಬರುತ್ತದೆ. ಬೇಡ ಅಂದರೆ ಬೇಡ. ಹೂಂ ಅಂದರೆ ಕೂತ ಎತ್ತರದಿಂದಲೇ ತೆಗೆಯಿರಿ, ಹಿಂದೆ ಆ ಉಕ್ಕಿನ ಕಂಬಗಳು ಬರಲಿ. ನಿಂತು ಕೆಳಗೆ ನೋಡಿ ತೆಗೆದರೆ ಅವರು ನಿರಾಶ್ರಿತರ ಹಾಗೆ ಕಾಣುತ್ತಾರೆ, ಮತ್ತು ಅದು ಸುಳ್ಳು.

ರಾತ್ರಿಯ ಫೋಟೋ. ಕೌಲೂನ್ ತುದಿಯ ಚಿಮ್ ಶಾ ಚುಯಿ ದಡದಿಂದ ದ್ವೀಪದ ಕಟ್ಟಡಸಾಲು ನೋಡುವಾಗ ನಿಮ್ಮ ಮುಖ ದಕ್ಷಿಣಕ್ಕೆ. ಚಳಿಗಾಲದಲ್ಲಿ ಸೂರ್ಯ ಇಡೀ ದಿನ ಕಟ್ಟಡಗಳ ಹಿಂದೆಯೇ ಇರುವುದರಿಂದ ಎಲ್ಲ ಕಪ್ಪು. ನಿಮ್ಮ ಅದೃಷ್ಟಕ್ಕೆ ಜೂನ್‌ನಲ್ಲಿ ಸೂರ್ಯ ಪಶ್ಚಿಮಕ್ಕಿಂತ ಉತ್ತರಕ್ಕೆ ಸರಿದು ಮುಳುಗುತ್ತಾನೆ. ಸಂಜೆ ಆರೂವರೆಗೆ ಮೋಡ ಇಲ್ಲದಿದ್ದರೆ ಹೊಂಬಿಸಿಲು ಬಲಗಡೆಯಿಂದ ಕಟ್ಟಡಗಳ ಮುಖಕ್ಕೇ ಬೀಳುತ್ತದೆ. ಸೂರ್ಯ ಮುಳುಗುವುದು ಏಳು ದಾಟಿ ಸ್ವಲ್ಪ ಹೊತ್ತಿಗೆ. ಅದಾಗಿ ಹದಿನೈದು ಇಪ್ಪತ್ತು ನಿಮಿಷ ಆಕಾಶದ ನೀಲಿಯೂ ದೀಪಗಳೂ ಒಂದೇ ಮಟ್ಟಕ್ಕೆ ಬರುತ್ತವೆ. ಅಷ್ಟೇ ಸಮಯ, ಮತ್ತೆ ಸಿಗಲ್ಲ. ಜನ ಸೇರುವುದು ಎಂಟು ಗಂಟೆಯ ದೀಪ–ಸಂಗೀತದ ಪ್ರದರ್ಶನಕ್ಕೆ. ಅಷ್ಟೊತ್ತಿಗೆ ಆಕಾಶ ಕಪ್ಪಾಗಿರುತ್ತದೆ. ಕಣ್ಣಿಗೆ ಚೆಂದ, ಫೋಟೋಗೆ ತಡ.

ಬೋರ್ಡ್‌ಗಳು ಸುಟ್ಟುಹೋದದ್ದಕ್ಕೆ ಕಾರಣ ಕ್ಯಾಮೆರಾ ಸುತ್ತಲಿನ ಕತ್ತಲೆಯನ್ನೂ ಲೆಕ್ಕಕ್ಕೆ ತಗೊಂಡದ್ದು. ಎಕ್ಸ್‌ಪೋಶರ್ ಒಂದರಿಂದ ಒಂದೂವರೆ ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ), ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ಇಟ್ಟುಕೊಳ್ಳಿ, ನೆರಳನ್ನು ಆಮೇಲೆ ಎತ್ತಬಹುದು. ಸುಟ್ಟದ್ದನ್ನು ವಾಪಸ್ ತರಲಾಗದು. ಪಟ್ಟೆಗಳು ಎಲ್‌ಇಡಿಯ ಕೊಡುಗೆ. ಅಲ್ಲೂ ನಮ್ಮಲ್ಲಿಯ ಹಾಗೆ 50 ಹರ್ಟ್ಸ್ ಕರೆಂಟು, ಅಂದರೆ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಬಹುಶಃ ಜನರಿಗೆ ಕೇಳಿಸದಿರಲಿ ಅಂತ ನೀವು ಸೈಲೆಂಟ್ ಶಟರ್ ಹಾಕಿದ್ದಿರಿ. ಅದು ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಮಿಣುಕು ಪಟ್ಟೆಯಾಗಿ ಬೀಳುತ್ತದೆ. ಮಾಮೂಲಿ ಶಟರ್‌ಗೆ ಬದಲಿಸಿ, ವೇಗ 1/100 ಅಥವಾ 1/50 ಇಡಿ. ಹಳೇ ನಿಯಾನ್ ಬೋರ್ಡ್‌ಗಳ ಬೀದಿ ಹುಡುಕಿ ಹೋಗುವವರಿಗೆ ಒಂದು ಕಿವಿಮಾತು: ಪರವಾನಗಿ ಇಲ್ಲದ ಬೋರ್ಡ್‌ಗಳನ್ನು ತೆಗೆಸಿದ್ದು, ಎಲ್‌ಇಡಿ ಅಗ್ಗವಾದದ್ದು ಸೇರಿ ನಿಯಾನ್ ಬಹಳ ಕಡಿಮೆಯಾಗಿದೆ. ಕೆಲವು ಬೋರ್ಡ್‌ಗಳು 2021ರಲ್ಲಿ ತೆರೆದ ಎಂ ಪ್ಲಸ್ ಮ್ಯೂಸಿಯಂನ ಸಂಗ್ರಹ ಸೇರಿವೆ. ಹಳೇ ಪೋಸ್ಟರ್ ನೋಡಿ ಹೋದರೆ ನಿರಾಸೆ ಆದೀತು.

ಇನ್ನು ದುಡ್ಡಿನ ಮಾತು. ಫುಲ್ ಫ್ರೇಮ್ ಸೆನ್ಸರ್ ನಿಮ್ಮ ಸೆನ್ಸರ್‌ಗಿಂತ ವಿಸ್ತೀರ್ಣದಲ್ಲಿ ಎರಡೂಕಾಲು ಪಟ್ಟು, ರಾತ್ರಿ ಸಿಗುವ ಲಾಭವೂ ಸುಮಾರು ಅಷ್ಟೇ. ಬದಲಿಗೆ ಬಾಯಿ ಅಗಲವಾಗಿ ತೆರೆಯುವ 35 ಎಂಎಂ ಎಫ್ 1.8 ಲೆನ್ಸ್ ಒಂದು ತಗೊಂಡರೆ, ನಿಮ್ಮ ಈಗಿನ ಲೆನ್ಸ್ ಅದೇ ಕೋನದಲ್ಲಿ ಕೊಡುವುದಕ್ಕಿಂತ ಆರು ಪಟ್ಟು ಬೆಳಕು ಒಳಗೆ ಬರುತ್ತದೆ. ಫುಲ್ ಫ್ರೇಮ್ ಬಾಡಿಯ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ, ಸೆಕೆಂಡ್‌ಹ್ಯಾಂಡ್ ಆದರೆ ಇನ್ನೂ ಅಗ್ಗ. ಆ ಕೋನ ಬೀದಿಗೆ ಹೇಳಿ ಮಾಡಿಸಿದ್ದು, ಬೇಡದ್ದನ್ನು ಹೊರಗಿಡುತ್ತದೆ. ಖರ್ಚು ಮಾಡಲೇಬೇಕು ಅಂತಿದ್ದರೆ ಅದೊಂದು ಸಾಕು. ಟ್ರೈಪಾಡ್ ಬೇಡ. ಮೆಟ್ರೋದಲ್ಲಿ ಹೂಡಲು ಬಿಡುವುದಿಲ್ಲ, ಫುಟ್‌ಪಾತ್‌ನಲ್ಲಿ ಜನ ಎಡವುತ್ತಾರೆ, ಸ್ಟಾರ್ ಫೆರಿ ದೋಣಿಯಲ್ಲಿ ನೆಲವೇ ಅಲುಗಾಡುತ್ತಿರುತ್ತದೆ. ದಡದ ಕಂಬಿಯ ಮೇಲೆ ಕ್ಯಾಮೆರಾ ಊರಿ, ಕುತ್ತಿಗೆ ಪಟ್ಟಿ ಕೈಗೆ ಸುತ್ತಿಕೊಂಡು, ಟೈಮರ್ ಹಾಕಿದರೆ ಅರ್ಧ ಸೆಕೆಂಡ್ ಸಲೀಸು. ಡ್ರೋನ್ ಯೋಚನೆ ಇದ್ದರೆ ಮನೆಯಲ್ಲೇ ಬಿಡಿ, ಬಂದರಿನ ಎರಡೂ ದಡ ನಿರ್ಬಂಧಿತ ವಲಯ.

ಪೊಲೀಸ್ ಕೇಸ್ ಭಯಕ್ಕೆ ಬರುತ್ತೇನೆ. ಹಾಂಗ್‌ಕಾಂಗ್‌ನಲ್ಲಿ ಸಾರ್ವಜನಿಕ ಜಾಗದಲ್ಲಿ ಅಪರಿಚಿತರ ಫೋಟೋ ತೆಗೆಯುವುದು ಅಷ್ಟಕ್ಕೇ ಅಪರಾಧ ಅಲ್ಲ. ಒಂದು ವಾರಪತ್ರಿಕೆ ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸಿನ ಫೋಟೋ ಹಾಕಿ ಅವಳ ಬಟ್ಟೆಯನ್ನು ಗೇಲಿ ಮಾಡಿತ್ತು. ಅವಳು ದೂರು ಕೊಟ್ಟಳು. ವಿಷಯ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿ 2000ರಲ್ಲಿ ತೀರ್ಪು ಬಂತು: ಆಕೆ ಯಾರು ಅಂತ ಪತ್ರಿಕೆಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಉದ್ದೇಶವೂ ಇರಲಿಲ್ಲ, ಆದ್ದರಿಂದ ಅದು ಖಾಸಗಿ ಮಾಹಿತಿ ಸಂಗ್ರಹ ಆಗುವುದಿಲ್ಲ. ಕಾನೂನು ಪತ್ರಿಕೆಯ ಪರ ನಿಂತಿತು ನಿಜ. ಆದರೆ ಅಂಥ ಫೋಟೋ ಹಾಕುವವರ ಸಾಲಿಗೆ ನಾನಂತೂ ಸೇರಲಾರೆ. ಕದ್ದುಮುಚ್ಚಿ ಅಸಭ್ಯ ಫೋಟೋ ತೆಗೆಯುವುದಕ್ಕೆ 2021ರಿಂದ ಬೇರೆಯೇ ಕಾನೂನಿದೆ, ಶಿಕ್ಷೆಯೂ ಜೋರು. ಕೋರ್ಟ್ ಕಟ್ಟಡದೊಳಗೆ ಕ್ಯಾಮೆರಾ ತೆಗೆಯಲೇಬಾರದು. ಸೇನಾ ಕಟ್ಟಡ, ವಲಸೆ ತಪಾಸಣೆ ಕೌಂಟರ್, ಪೊಲೀಸರು ಯಾರನ್ನೋ ತಡೆದು ವಿಚಾರಿಸುವ ಜಾಗ, ಇವುಗಳಿಂದ ಪ್ರವಾಸಿಗರು ದೂರ ಇದ್ದರೇ ಕ್ಷೇಮ. ಮಾಲ್, ಮೆಟ್ರೋ, ವಸತಿ ಸಮುಚ್ಚಯ ಖಾಸಗಿಯಾದ್ದರಿಂದ ಅಲ್ಲಿ ಸೆಕ್ಯುರಿಟಿಯವರ ಮಾತೇ ಕಾನೂನು. ವಾದಕ್ಕೆ ನಿಲ್ಲಬೇಡಿ.

ಕಟ್ಟಡಗಳ ಕಾಪಿರೈಟ್ ಭೂತ ಬಹುಶಃ ಪ್ಯಾರಿಸ್‌ನಿಂದ ಬಂದದ್ದು. ಅಲ್ಲಿ ಐಫೆಲ್ ಗೋಪುರದ ರಾತ್ರಿ ದೀಪಾಲಂಕಾರದ ಫೋಟೋವನ್ನು ವ್ಯಾಪಾರಕ್ಕೆ ಬಳಸಲು ಅನುಮತಿ ಬೇಕು. ಹಾಂಗ್‌ಕಾಂಗ್ ಕಾನೂನಿನಲ್ಲಿ ಕಟ್ಟಡಗಳ ಫೋಟೋಗೆ ಸ್ಪಷ್ಟವಾಗಿ ವಿನಾಯಿತಿ ಇದೆ. ನಮ್ಮ 1957ರ ಕಾಯ್ದೆಯಲ್ಲೂ ಇದೆ.

ಕಾನೂನಿಗಿಂತ ಜನರ ಮುಖ ಓದುವುದು ಮುಖ್ಯ. ತರಕಾರಿ, ಮೀನು ಮಾರುವವರು ಕೈ ಅಡ್ಡ ಆಡಿಸಿದರೆ ನಕ್ಕು ಮುಂದೆ ಹೋಗಿ. ಮಾಜಾಂಗ್ ಆಡುವ ಅಡ್ಡೆಗಳಿಗೆ ಕ್ಯಾಮೆರಾ ತೋರಿಸಬೇಡಿ. ರಟ್ಟು ಆಯ್ದು ಗಾಡಿ ತಳ್ಳುವ ಮುದುಕಿಯರ ಫೋಟೋ ಪ್ರತಿ ಪ್ರವಾಸಿಗನ ಹತ್ತಿರವೂ ಇದೆ. ಬೆನ್ನು ಬಾಗಿದ ಅಜ್ಜಿಯನ್ನು ಹಿಂದಿನಿಂದ ತೆಗೆಯುವುದರಲ್ಲಿ ಏನು ಹೆಚ್ಚುಗಾರಿಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನೇಥನ್ ರಸ್ತೆಯ ಚುಂಗ್‌ಕಿಂಗ್ ಮ್ಯಾನ್ಷನ್ಸ್‌ಗೆ ನೀವು ಹೋಗದೇ ಇರಲ್ಲ, 1961ರ ಆ ಕಟ್ಟಡದಲ್ಲಿ ನಮ್ಮ ಕಡೆಯ ಊಟ ಸಿಗುತ್ತದೆ. ಹಿಂದಿ ಕೇಳಿಸಿತು ಅಂತ ಸಲುಗೆ ತಗೊಂಡು ಅಲ್ಲಿ ಕ್ಲಿಕ್ಕಿಸಲು ಹೋಗಬೇಡಿ. ಬೇರೆ ಬೇರೆ ದೇಶದಿಂದ ಆಶ್ರಯ ಕೇಳಿ ಬಂದವರೂ ಅಲ್ಲಿದ್ದಾರೆ, ಅವರ ಮುಖ ಎಲ್ಲೋ ಕಾಣಿಸಿಕೊಳ್ಳುವುದು ಅವರಿಗೆ ತಮಾಷೆಯ ವಿಷಯ ಅಲ್ಲ.

ಹೋಗುವ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಬನ್ನಿ. ಮೊದಲ ಮಹಡಿಯಿಂದ ಕೆಳಗಿನ ಹೂವಿನ ಅಂಗಡಿಗಳನ್ನು ನೋಡುತ್ತಾ ಒಂದು ಗಂಟೆ ಒಂದೇ ಜಾಗದಲ್ಲಿ ನಿಲ್ಲಿ. ಆಮೇಲೆ ಚಿಕ್ಕಪೇಟೆಯ ಗಲ್ಲಿಯಲ್ಲಿ ಕ್ಯಾಮೆರಾ ನೆಟ್ಟಗೆ ಹಿಡಿದು ಎಷ್ಟು ಮಹಡಿ ಬರುತ್ತದೆ ನೋಡಿ. ಜೂನ್‌ನ ತಾಲೀಮು ಇಲ್ಲೇ ಮುಗಿಯುತ್ತದೆ.

ಕೊನೆಯದಾಗಿ ಹವೆ. ಜೂನ್ ಅಂದರೆ ಸೆಕೆ, ಬೆವರು, ದಿಢೀರ್ ಮಳೆ. ಹೋಟೆಲಿನ ಎಸಿಯಲ್ಲಿ ತಣ್ಣಗಾದ ಲೆನ್ಸ್ ಹೊರಗೆ ಬಂದ ಕೂಡಲೇ ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿಯ ಹಾಗೆ ಬೆವರುತ್ತದೆ. ಒರೆಸಿದರೆ ಮತ್ತೆ ಮಂಜು. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟು ಹೊರಗೆ ತಂದು ಅರ್ಧ ಗಂಟೆ ಬಿಡಿ. ಅಷ್ಟರವರೆಗೆ ಲೆನ್ಸ್ ಬಿಚ್ಚಬೇಡಿ, ತೇವ ಒಳಗೇ ಹೋಗುತ್ತದೆ. ಮಳೆಗೆ ಅಲ್ಲಿ ಹಳದಿ, ಕೆಂಪು, ಕಪ್ಪು ಅಂತ ಮೂರು ಎಚ್ಚರಿಕೆ. ಗಂಟೆಗೆ 30, 50, 70 ಮಿಲಿಮೀಟರ್ ಮೀರಿದರೆ ಅಥವಾ ಮೀರುವ ಸೂಚನೆ ಇದ್ದರೆ ಒಂದೊಂದು. ಹಳದಿಗೆ ಛತ್ರಿ ಹಿಡಿದು ಅಂಗಡಿ ಮಾಡಿನ ಕೆಳಗೆ ನಿಂತು ತೆಗೆಯಬಹುದು, ಒದ್ದೆ ರಸ್ತೆಯಲ್ಲಿ ಬೋರ್ಡ್‌ಗಳ ಬಣ್ಣ ಚೆನ್ನಾಗಿ ಬೀಳುತ್ತದೆ. ಕೆಂಪಿಗೆ ಮೆಟ್ರೋ ಹತ್ತಿರ ಇರಿ. ಕಪ್ಪು ಬಂದರೆ, ಇಲ್ಲವೇ ಚಂಡಮಾರುತದ 8ನೇ ಸಂಖ್ಯೆಯ ಎಚ್ಚರಿಕೆ ಏರಿಸಿದರೆ, ಹೋಟೆಲಿನಲ್ಲಿ ಕೂತು ಅವತ್ತಿನ ಫೋಟೋಗಳ ಇನ್ನೊಂದು ಪ್ರತಿ ಮಾಡಿಕೊಳ್ಳಿ.